ಮೊದಲ ತುತ್ತು ಅಕ್ಕನದು

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ತನ್ನ ತಮ್ಮನ ತಾಟಿನಿಂದ ಮೊದಲ ತುತ್ತನ್ನು ತಾನೇ ತಿನ್ನುತ್ತಿದ್ದಳು. ಸ್ಕಿಜೋಫ್ರೇನಿಯಾ ಇದ್ದ ಅವನಿಗೆ, ಊಟದಲ್ಲಿ ವಿಷವಿದೆಯೆಂದು ಕಿವಿಯಲ್ಲಿ ದನಿಗಳು ಹೇಳುತ್ತಿದ್ದವು. ಅಕ್ಕ ತುತ್ತು ನುಂಗಿ, ಬಾಯಿ ತೆರೆದು ತೋರಿಸಿ, ‘ನೋಡಪಾ, ನನಗೇನ ಆತು?’ ಅನ್ನುವಳು. ಆಮೇಲೆ ಅವನು ಉಂಡು ಗುಳಿಗೆ ನುಂಗುವನು.

ಅದೇ ರೋಗಕ್ಕೆ ಹೊಸ ಔಷಧ ಹುಡುಕುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮನುಷ್ಯರಿಗೆ ಕೊಡುವ ಮೊದಲು ಇಲಿಗಳಿಗೆ ಕೊಟ್ಟು ನೋಡುವವನು ನಾನು. ಒಮ್ಮೆ ರಜೆಗೆ ಊರಿಗೆ ಬಂದು ಅವರ ಮನೆಗೆ ಹೋದಾಗ, ತಮ್ಮ ಉಣ್ಣಲು ಕುಳಿತಿದ್ದ ಹೊತ್ತಿಗೆ ಅಕ್ಕ ಕೇಳಿದಳು: ‘ನಮ್ಮ ತಮ್ಮಗ ಯಾವಾಗ ಬರ್ತೈತ್ರಿ ನಿಮ್ಮ ಔಷಧ?’

ಹುಟ್ಟಾ ಚಿಂತೆಗಾರನಾದ ನಾನು ಸುಳ್ಳು ಭರವಸೆ ಕೊಡಲು ಹೆದರಿ ಚೇಷ್ಟೆ ಮಾಡಿದೆ: ‘ನಂದಿನ್ನೂ ಇಲಿ ಔಷಧ, ಅಕ್ಕಾ!’

ಅದನ್ನು ಕೇಳಿ ತಮ್ಮನು ತಾಟು ದೂಡಿದ. ಇಲಿ ಔಷಧವೆಂದರೆ ನಮ್ಮೂರಲ್ಲಿ ಪಾಷಾಣ ಎಂಬುದು ನನಗೆ ಆಗ ನೆನಪಾಯಿತು. ಅಕ್ಕ ಎಷ್ಟು ತಿಂದು ತೋರಿಸಿದರೂ ಅವನು ಒಲ್ಲೆನೆಂದ. ಗುಳಿಗೆಯೂ ಬೇಡವೆಂದ. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಅಕ್ಕ ಬೈಯಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಕೈಗಿಟ್ಟಳು. ‘ನೀವ ತಿನ್ರಿ.’

ತಿಂದೆ. ಬಾಯಿ ತೆರೆದೂ ತೋರಿಸಿದೆ. ತಮ್ಮ ಬಹಳ ಹೊತ್ತು ನನ್ನನ್ನೇ ನೋಡಿದ.

‘ತಡೀ ಅಕ್ಕಾ,’ ಎಂದ. ‘ಇವ್ರು ಉಳೀತಾರೇನ ನೋಡೂಣು.’

ಅಕ್ಕ ನನಗೆ ಇನ್ನೊಂದು ರೊಟ್ಟಿ ಬಡಿಸಿದಳು.