ಅತ್ತೆ ಕೊಡದ ಟೀ

ನಮ್ಮತ್ತೆ ಬಟ್ಟೆ ಹೊಲಿಯುವವರು. ಮೆಷಿನ್ ಇರುವುದು ಹಿಂದಿನ ಕೋಣೆಯ ಕಿಟಕಿಯ ಬಳಿ. ಆ ಕಿಟಕಿಗೆ ಬೆಳಕು ಬರುವುದು ನಮ್ಮ ಹಿತ್ತಲಿನಿಂದ. ಪಕ್ಕದ ಮನೆಯ ಬಡಗಿ ಮೊದಲು ಅಲ್ಲಿ ನಾಲ್ಕು ಹಲಗೆ ತಂದು ಒರಗಿಸಿದ. ಹಲಗೆ ನೆನೆಯಬಾರದೆಂದು ತಗಡು ಹೊದಿಸಿದ. ತಗಡು ಹಾರಬಾರದೆಂದು ಕಂಬ ನೆಟ್ಟ. ಕೇಳಿದರೆ ಜಾಗ ತನ್ನದೇ ಎಂದ.

ಕೋಣೆ ಕತ್ತಲಾಯಿತು. ಅತ್ತೆ ಕಪ್ಪು ಪ್ಯಾಂಟಿಗೆ ನೀಲಿ ದಾರ ಹಾಕಿದರು, ಒಬ್ಬ ಮೇಷ್ಟ್ರ ಅಂಗಿಗೆ ಎರಡೂ ಎಡತೋಳೇ ಹೊಲಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಹೊಲಿಗೆ ನಿಂತರೆ ಅತ್ತೆ ಪೂರ್ತಿ ಅತ್ತೆಯೇ ಆಗಿಬಿಡುತ್ತಾರೆ. ಇಡೀ ದಿನ ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ಹಾಗಾಗಿ ಆ ಬೆಳಕು ನನಗೂ ಬೇಕಿತ್ತು.

ಅತ್ತೆ ಪೊಲೀಸರಿಗೆ ದೂರು ಕೊಟ್ಟರು. ಅತಿಕ್ರಮ ಪ್ರವೇಶದ ಕೇಸಾಯಿತು. ಜೈಲಿನ ಹೆದರಿಕೆಗೆ ಕೋರ್ಟಿನಲ್ಲಿ ಬಡಗಿಯ ಸ್ವರವೇ ಬದಲಾಯಿತು.

"ಸ್ವಾಮಿ, ಜಾಗ ಅಕ್ಕಂದೇ. ನಾನೇನೂ ನುಗ್ಗಿಲ್ಲ. ಅವರೇ ಕೂರಿಸಿ, ಟೀ ಕೊಟ್ಟು, 'ಖಾಲಿ ಬಿದ್ದಿದೆ, ಇಟ್ಕೊಳ್ಳಪ್ಪ' ಅಂದ್ರು."

ಅನುಮತಿ ಇದ್ದಿರಬಹುದು ಎಂದು ಕೋರ್ಟು ಅವನನ್ನು ಬಿಟ್ಟುಬಿಟ್ಟಿತು. ಅವನು ಬೀದಿಗೆಲ್ಲ ಸಿಹಿ ಹಂಚಿದ, ನಾಚಿಕೆಯಿಲ್ಲದೆ ನಮ್ಮ ಮನೆಗೂ ಕಳಿಸಿದ. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ ಎಂದು ನಾನು ಸಮಾಧಾನ ಹೇಳಹೊರಟೆ. ಅತ್ತೆ ನೋಡಿದ ನೋಟಕ್ಕೆ ಗಾದೆ ಅರ್ಧಕ್ಕೇ ನಿಂತಿತು.

"ಸೋತಿದ್ದಕ್ಕಲ್ಲ ಕಣೆ. ಅವನಿಗೆ ನಾನು ಟೀ ಕೊಟ್ಟೆ ಅಂದ್ನಲ್ಲ."

ನಮ್ಮ ವಕೀಲರು ಮಾತ್ರ ತೀರ್ಪು ಓದಿ ನಕ್ಕರು. "ಅಮ್ಮ, ಜಾಗ ನಿಮ್ಮದು ಅಂತ ಅವನೇ ಒಪ್ಕೊಂಡಿದ್ದಾನೆ. ಇದನ್ನೇ ಹಿಡ್ಕೊಂಡು ಸಿವಿಲ್ ಕೋರ್ಟಿಗೆ ಹೋಗೋಣ. ಆ ಟೀ ವಿಷಯ ಮಾತ್ರ ಎತ್ತಬೇಡಿ."

ಸಿವಿಲ್ ಕೋರ್ಟಿನಲ್ಲಿ ಬಡಗಿ ಮತ್ತೆ ರಾಗ ಬದಲಿಸಿದ. ಜಾಗ ತನ್ನಪ್ಪನದಂತೆ. ವಕೀಲರು ಅವನ ಹಳೆಯ ಹೇಳಿಕೆ ಮುಂದಿಟ್ಟರು, ಜೊತೆಗೆ ನಮ್ಮ ಮನೆಯ ಪತ್ರ.

"ಆ ಕೋರ್ಟಿನ ತೀರ್ಪಿಗೆ ನಾನು ಕಟ್ಟುಬಿದ್ದಿಲ್ಲ," ಎಂದರು ನ್ಯಾಯಾಧೀಶರು. "ಆದರೆ ನೀವು ಆಡಿದ ಮಾತು ಎಲ್ಲಿಗೆ ಹೋಗುತ್ತಪ್ಪ?" ಬಡಗಿ ಚಪ್ಪಲಿ ನೋಡಿಕೊಂಡ. ಅವರು ಅತ್ತೆಯತ್ತ ತಿರುಗಿದರು. "ಅನುಮತಿ ಕೊಟ್ಟಿದ್ರಾ?"

ವಕೀಲರು ಕೆಮ್ಮಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ.

"ಇಲ್ಲ ಸ್ವಾಮಿ. ಟೀನೂ ಕೊಟ್ಟಿಲ್ಲ. ದಯವಿಟ್ಟು ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರು. ಶೆಡ್ ತೆಗೆಯಬೇಕೆಂದು ಆದೇಶವಾಯಿತು. ಕಿಟಕಿಗೆ ಬಿಸಿಲು ಬಂದ ದಿನ ಅತ್ತೆ ಮೇಷ್ಟ್ರ ಅಂಗಿಯ ಒಂದು ತೋಳು ಬಿಚ್ಚಿ ಸರಿಯಾಗಿ ಹೊಲಿದರು. ನನಗೆ ಖುಷಿಗೆ ಕಣ್ಣು ತುಂಬಿತು.

ಶೆಡ್ ಬಿಚ್ಚುತ್ತಿದ್ದ ಬಡಗಿ ಕಿಟಕಿಯ ಹೊರಗೆ ತಲೆ ತಗ್ಗಿಸಿ ನಿಂತ. "ಅಕ್ಕಾ, ಹಲಗೆ ಇಡೋಕೆ ಬೇರೆ ಜಾಗ ಸಿಗೋವರೆಗೂ ಆ ಮೂಲೇಲಿ ಇಟ್ಕೊಳ್ಳಲಾ?"

ಅವನು ಕೇಳಿದ್ದು ಅದೇ ಮೊದಲು. ನನಗೂ ಅಯ್ಯೋ ಅನ್ನಿಸಿ ಒಲೆಯ ಮೇಲೆ ನೀರಿಟ್ಟೆ.

ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದರು. "ಇಟ್ಕೋ. ಕಿಟಕಿಗೆ ಅಡ್ಡ ಬರಬಾರ್ದು."

ಆಮೇಲೆ ಅಡುಗೆಮನೆಯತ್ತ ತಿರುಗಿದರು. "ಒಲೆ ಆರಿಸೇ. ಟೀ ಇಲ್ಲ."