ಎದೆಬಡಿತಕ್ಕೆ ಹೆದರಿದವರನ್ನು ನಡೆಸುವಾಕೆ

ಹ್ಯೂಸ್ಟನ್ನಿನ ಪೂರ್ವದಂಚಿನ ನಮ್ಮ ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಒತಿಲಿಯಾ ಬರ್ರಗಾನ್ ಕೆಮ್ಮುತ್ತಾ ಎರ್ಮಿನಿಯಾಳ ಬಾಗಿಲು ಬಡಿಯುತ್ತಾಳೆ. ಒಳಗೆ ದೀಪ ಆರುತ್ತದೆ. ಈಚೆಗೆ ಇಲ್ಲಿ ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ.

"ನಾನೇ ಕಣೇ, ಕೊಮಾದ್ರೆ! ವಲಸಿಗರನ್ನ ಹಿಡಿಯೋ ಪೊಲೀಸರು ಹೀಗೆ ಕೆಮ್ತಾರಾ?"

ಕೊಮಾದ್ರೆ ಎಂದರೆ ಇಲ್ಲಿ ಆಪ್ತ ಗೆಳತಿ. ಚಿಲಕ ಸರಿಯುತ್ತದೆ. ಎರ್ಮಿನಿಯಾ ಬೇಗ ತೆಳ್ಳಗಾಗಲೆಂದು ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡಿದ್ದಾಳೆ.

"ಬಿಚ್ಚೇ ಅದನ್ನ! ಹೊಟ್ಟೆ ಒಳಗೆ ಹೋಗದಿದ್ರೂ ಚಿಂತೆಯಿಲ್ಲ, ಉಸಿರು ಒಳಗೆ ಹೋಗ್ಲಿ."

ಒತಿಲಿಯಾ ಗಡಿಯಾಚೆಯ ಮಿಚೋವಕಾನ್ ಕಡೆಯವಳು. ಹಗಲು ಹೋಟೆಲ್ ಕೋಣೆ ಗುಡಿಸುತ್ತಾಳೆ. ಬೆಳಗಿನ ಜಾವ ಬೀದಿಯ ಹೆಂಗಸರನ್ನು ನಡೆಯಲು ಹೊರಡಿಸುತ್ತಾಳೆ. ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಗಿರಣಿಯವರೆಗೆ ನಡೆಯುತ್ತಿದ್ದವರು ಇಲ್ಲಿ ಕೋಳಿಮಾಂಸದ ಕಾರ್ಖಾನೆಯಲ್ಲಿ ನಿಂತಲ್ಲೇ ದಿನ ಕಳೆದು ಮೈ ಭಾರ ಮಾಡಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ಮನೆಯಿಲ್ಲ. ಮೊದಲು ಹತ್ತಾರು ಜನ ಬರುತ್ತಿದ್ದರು, ಈಗ ಅವಳ ಜೊತೆ ಉಳಿದವಳು ನಾನೊಬ್ಬಳೇ. ಪಕ್ಕದ ಮನೆಯವಳನ್ನು ಬಸ್ ನಿಲ್ದಾಣದಿಂದ ಆ ಪೊಲೀಸರು ಹಿಡಿದೊಯ್ದ ಮೇಲೆ, ಹೊರಗೆ ಕಾಲಿಟ್ಟರೆ ಎದೆ ಹೊಡೆದುಕೊಳ್ಳುತ್ತದೆಂದು ಎರ್ಮಿನಿಯಾ ಸೋಫಾ ಬಿಟ್ಟು ಎದ್ದಿಲ್ಲ. ನಡೆಯದಿದ್ದರೆ ಹೃದಯ ತಡೆಯದು ಎಂದು ಡಾಕ್ಟರು ಗದರಿಸಿದ್ದಾರೆ.

"ನಮ್ಮಕ್ಕ ರೆಫೂಹಿಯೋಗೂ ಇದೇ ಹೆದರಿಕೆ" ಎನ್ನುತ್ತಾಳೆ ಒತಿಲಿಯಾ. "ನಡೆದ್ರೆ ಎದೆ ಒಡೆದುಹೋಗುತ್ತೆ ಅಂತ ಮಲಗೇ ಇರ್ತಿದ್ಲು. ಒಂದು ಬೆಳಿಗ್ಗೆ ಎಬ್ಬಿಸೋಕೆ ಹೋದೆ. ಏಳಲಿಲ್ಲ."

ಎರ್ಮಿನಿಯಾ ಪಟ್ಟಿ ಬಿಚ್ಚಿಟ್ಟು ಹೊರಗೆ ಬರುತ್ತಾಳೆ. ನಾವು ಮೂವರೂ ಇಗರ್ಜಿಯ ಬೇಲಿಯುದ್ದಕ್ಕೂ ನಡೆಯುತ್ತೇವೆ. ಅಷ್ಟರಲ್ಲಿ ತಿರುವಿನಿಂದ ಬಿಳಿ ವ್ಯಾನೊಂದು ಮೆಲ್ಲಗೆ ಬರುತ್ತದೆ. ಹಿಡಿಯಲು ಬರುವವರದೂ ಇಂಥದೇ ವ್ಯಾನು. ಎರ್ಮಿನಿಯಾ ಎದೆ ಹಿಡಿದು ಬೇಲಿಗೆ ಒರಗುತ್ತಾಳೆ. ವ್ಯಾನ್ ದಾಟಿ ಹೋಗುತ್ತದೆ, ಬ್ರೆಡ್ ಹಂಚುವವನದು.

"ಸತ್ತೆ ಕಣೇ! ಡಬಡಬ ಅಂತಿದೆ."

"ನೋವಿದೆಯಾ? ಕೈ, ದವಡೆ ಸೆಳೀತಿದೆಯಾ? ನಿಜ ಹೇಳು. ಇದ್ರೆ ಈಗಲೇ ಆಂಬುಲೆನ್ಸ್ ಕರೀತೀನಿ, ಯಾರು ಬಂದ್ರೂ ಬರ್ಲಿ."

"ನೋವಿಲ್ಲ. ಬಡ್ಕೊಳ್ತಿದೆ ಅಷ್ಟೇ."

ಒತಿಲಿಯಾ ಅವಳ ಅಂಗೈ ತೆಗೆದು ತನ್ನ ಎದೆಯ ಮೇಲಿಟ್ಟುಕೊಳ್ಳುತ್ತಾಳೆ. ಎರ್ಮಿನಿಯಾ ಕಣ್ಣರಳಿಸುತ್ತಾಳೆ.

"ಅಯ್ಯೋ, ನಿಂದೂ ಹಾಗೇ ಇದೆಯಲ್ಲೇ!"

"ಮತ್ತೆ? ನಾನೇನು ಕಲ್ಲಾ?"

ಉಸಿರು ತಹಬಂದಿಗೆ ಬರುವವರೆಗೆ ಕಟ್ಟೆಯ ಮೇಲೆ ಕೂರುತ್ತೇವೆ. ಆಮೇಲೆ ಎರ್ಮಿನಿಯಾ ಏಳುತ್ತಾಳೆ. ಮನೆಯತ್ತ ಒಮ್ಮೆ ನೋಡಿ, ತಿರುವಿನತ್ತ ಹೆಜ್ಜೆ ಹಾಕುತ್ತಾಳೆ. ಇಷ್ಟೆಲ್ಲ ಮಾಡುವ ನಿಮಗೇನು ಆಸೆ ಎಂದು ನಾನು ಒತಿಲಿಯಾಳನ್ನು ಕೇಳುತ್ತೇನೆ. ಅವಳು ಗೆಳತಿಯ ಬೆನ್ನಿನಿಂದ ಕಣ್ಣು ಕೀಳುವುದಿಲ್ಲ.

"ಇವಳ ಎದೆ ಒಂದು ದಿನವಾದ್ರೂ ನಡೆದಿದ್ದಕ್ಕೆ ಮಾತ್ರ ಬಡ್ಕೋಬೇಕು. ಇನ್ಯಾತಕ್ಕೂ ಅಲ್ಲ."