ಮೂವತ್ತೇಳು ತೋಟದ ಮಲ್ಲಿಗೆ

ಹರಪನಹಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಆಣ್ವಿಕ ಜೀವಶಾಸ್ತ್ರ ಕಲಿಸುವ ಗಂಗಾಂಬಿಕಾ ಇಪ್ಪತ್ನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದಳು. ಹದಿನೆಂಟನ್ನು ಅವಳನ್ನು ಬಿಟ್ಟು ಬೇರೆ ಯಾರಾದರೂ ಓದಿದ್ದರೋ ಇಲ್ಲವೋ ದೇವರೇ ಬಲ್ಲ. ಒಂದು ಮಾತ್ರ ಅವಳ ಕೈಹಿಡಿದಿತ್ತು. ಬೇರೆ ಬೇರೆ ದೇಶದವರು ತಮ್ಮ ಲೇಖನಗಳಲ್ಲಿ ಅದನ್ನು ಇನ್ನೂರ ಆರು ಸಲ ಉಲ್ಲೇಖಿಸಿದ್ದರು. ಕಾಲೇಜಿಗೆ ಬಂದವಳೇ ಮೊದಲು ಕಂಪ್ಯೂಟರಿನಲ್ಲಿ ಆ ಸಂಖ್ಯೆ ನೋಡುವುದು ಅವಳ ಚಟ. ಹೇಳಿಕೊಳ್ಳಲು ನಾಚಿಕೆ, ಬಿಡಲು ಆಗದು.

ಲೇಖನದ ಸಾರ ಸರಳ. ಹನ್ನೊಂದು ವರ್ಷದ ಹಿಂದೆ ಹೂವಿನಹಡಗಲಿ ಸುತ್ತಿನ ಮಲ್ಲಿಗೆಗೆ ಎಲೆಚುಕ್ಕೆ ರೋಗ ಬಿದ್ದಾಗ ಮೂವತ್ತೇಳು ತೋಟಗಳು ಮಾತ್ರ ಹಸಿರಾಗಿ ಉಳಿದಿದ್ದವು. ಅವಳೂ ಅವಳ ಮೊದಲ ಶಿಷ್ಯ ಪ್ರವೀಣಕುಮಾರನೂ ಅಷ್ಟೂ ತೋಟಗಳ ಎಲೆ ತಂದು ಡಿಎನ್‌ಎ ನೋಡಿದರು. ಎಲ್ಲದರಲ್ಲೂ ಒಂದು ವಂಶವಾಹಿ ಒಂದೇ ರೂಪದಲ್ಲಿತ್ತು, ರೋಗ ಬಿದ್ದ ಗಿಡಗಳಲ್ಲಿ ಬೇರೆಯಾಗಿತ್ತು. ರೋಗ ತಡೆಯುವುದು ಇದೇ ಎಂದು ಬರೆದರು. ಮೂವತ್ತೇಳು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಯಾರು ತಾನೇ ನಂಬುವುದಿಲ್ಲ? ಗಿಡ ಎಲ್ಲಿಂದ ತಂದಿರಿ ಎಂದು ಪ್ರತಿ ಮನೆಯಲ್ಲೂ ಕೇಳಿ ಬರೆದುಕೊಂಡಿದ್ದರು. ಎಲ್ಲರೂ ತಾತನ ಕಾಲದ್ದು ಎಂದಿದ್ದರು.

ಈ ವರ್ಷ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆಯೊಂದು ಖಾಲಿಯಾಯಿತು. ನಿವೃತ್ತಿಗೆ ನಾಲ್ಕು ವರ್ಷ ಉಳಿದ ಗಂಗಾಂಬಿಕಾಗೆ ಅದೇ ಕೊನೆಯ ಅವಕಾಶ. ಸಂಶೋಧನೆಯಿಂದ ರೈತರಿಗಾದ ಉಪಯೋಗದ ಫೋಟೊ ಅರ್ಜಿಯ ಜೊತೆ ಬೇಕಿತ್ತು. ಅದಕ್ಕೆಂದು ಹಡಗಲಿ ಬಸ್ಸು ಹತ್ತಿ, ತನ್ನ ಪಟ್ಟಿಯಲ್ಲಿ ಮೊದಲ ಹೆಸರಿದ್ದ ಭರಮಮ್ಮನ ತೋಟಕ್ಕೆ ಹೋದಳು. ಎಂಬತ್ತರ ಮುದುಕಿಯನ್ನು ಗಿಡದ ಪಕ್ಕ ನಿಲ್ಲಿಸಿ ಫೋಟೊ ತೆಗೆದಳು. ಇಂಥ ಗಟ್ಟಿ ಗಿಡ ಇನ್ನೂ ಮೂವತ್ತಾರು ತೋಟಗಳಲ್ಲಿವೆ ಎಂದು ಮಾತಿಗೆ ಹೇಳಿದಳು. ಭರಮಮ್ಮ ನಕ್ಕಳು.

“ಅವೆಲ್ಲಾ ನನ್ನ ಗಿಡದ ಕಡ್ಡೀನ ಯವ್ವಾ. ನಾ ಬೆನ್ನು ತಿರುಗಿಸಿದಾಗ ಮುರ್ಕೊಂಡ್ ಹೋಗ್ಯಾರ. ಗೊತ್ತಿದ್ರೂ ಸುಮ್ನಿದ್ದೆ. ಕೇಳಿ ಒಯ್ದ್ರ ಹತ್ತಂಗಿಲ್ಲಲ್ಲ.”

ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದು ತರಬೇಕು ಎಂಬ ನಂಬಿಕೆ ಗಂಗಾಂಬಿಕಾಗೆ ಗೊತ್ತಿಲ್ಲದ್ದಲ್ಲ. ಹಡಗಲಿಯಲ್ಲೇ ಹುಟ್ಟಿದವಳು, ಅವ್ವ ಪಕ್ಕದ ಮನೆಯ ಹಿತ್ತಲಲ್ಲಿ ಕಡ್ಡಿ ಮುರಿಯುವಾಗ ಕಾವಲು ನಿಂತವಳು. ನೋಟ್‌ಬುಕ್ ಹಿಡಿದು ಹೋದ ದಿನ ಅದೆಲ್ಲ ಮರೆತುಹೋಗಿತ್ತು. ಕದ್ದವರು ಕದ್ದೆವೆಂದು ಮೇಡಂ ಮುಂದೆ ಒಪ್ಪುತ್ತಾರೆಯೇ? ಪಾಪ, ತಾತಂದಿರ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದರು.

ಕಡ್ಡಿಯಿಂದ ಬೆಳೆದ ಗಿಡದಲ್ಲಿ ತಾಯಿಗಿಡದ ಡಿಎನ್‌ಎಯೇ ಇರುತ್ತದೆ. ಮೂವತ್ತೇಳೂ ಒಂದೇ ಗಿಡವಾದರೆ ಆ ಒಂದು ವಂಶವಾಹಿಯಷ್ಟೇ ಅಲ್ಲ, ಎಲ್ಲವೂ ಒಂದೇ. ರೋಗ ತಡೆದದ್ದು ಯಾವುದೆಂದು ಹೇಳಲು ಬಾರದು. ಫ್ರೀಜರಿನಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆದು ಮೂರು ವಾರ ಡಿಎನ್‌ಎಯ ಬೇರೆ ಭಾಗಗಳನ್ನು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಾಕ್ಷಿ ಒಬ್ಬನೇ, ಅಂಗಿ ಬದಲಿಸಿಕೊಂಡು ಮೂವತ್ತೇಳು ಸಲ ಬಂದುಹೋಗಿದ್ದ.

ಕೊಟ್ಟೂರಿನಲ್ಲಿ ಉಪನ್ಯಾಸಕನಾಗಿದ್ದ ಪ್ರವೀಣಕುಮಾರನಿಗೆ ಫೋನು ಮಾಡಿದಳು. ಲೇಖನದಲ್ಲಿ ಅವನ ಹೆಸರೂ ಇತ್ತು. ನಡೆದದ್ದು ಹೇಳಿ, ಲೇಖನ ಪ್ರಕಟಿಸಿದ ಪತ್ರಿಕೆಗೆ ಬರೆದು ತಿಳಿಸಬೇಕು ಎಂದಳು.

“ಮೇಡಂ, ಇಂಟರ್‌ವ್ಯೂ ಮುಗೀಲಿ ಬಿಡ್ರಿ,” ಎಂದ ಅವನು. “ಆಮ್ಯಾಲ ಬರದ್ರಾತು. ಯಾರಿಗೂ ಗೊತ್ತಾಗಂಗಿಲ್ಲ.”

ಆ ಮಾತು ಅವಳಿಗೆ ಹಿಡಿಸಿತು. ಹಿಡಿಸಿತಲ್ಲ ಎಂದೇ ಭಯವಾಯಿತು. ಎರಡು ದಿನ ಪಾಠದಲ್ಲೂ ಊಟದಲ್ಲೂ ಅದನ್ನೇ ತಿರುಗಿಸಿ ನೋಡಿದಳು. ಮೂರನೆಯ ದಿನ, ತಪ್ಪು ಹೀಗಾಯಿತೆಂದು ವಿವರಿಸಿ, ಲೇಖನ ಹಿಂಪಡೆಯುತ್ತೇವೆಂದು ಪತ್ರಿಕೆಗೆ ಬರೆದಳು. ಪ್ರವೀಣಕುಮಾರ ಮುಖ ಗಂಟಿಕ್ಕಿಕೊಂಡೇ ಬಂದು ಸಹಿ ಹಾಕಿದ. ಒಂದು ಪ್ರತಿ ಕಾಲೇಜಿಗೂ ಹೋಯಿತು. ಇಂಟರ್‌ವ್ಯೂನಲ್ಲಿ ಸಮಿತಿಯವರು ಅವಳ ಪ್ರಾಮಾಣಿಕತೆಯನ್ನು ಹೊಗಳಿ, ಕಾಫಿ ಕುಡಿಸಿ, ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು. ಅವಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು.

ಪತ್ರಿಕೆಯವರು ಲೇಖನದ ನೆತ್ತಿಯ ಮೇಲೆ ‘ಹಿಂಪಡೆಯಲಾಗಿದೆ’ ಎಂದು ಕೆಂಪಕ್ಷರದಲ್ಲಿ ಹಾಕಿದರು. ಆದರೂ ಸಂಖ್ಯೆ ಇನ್ನೂರ ಏಳಾಯಿತು, ಇನ್ನೂರ ಹತ್ತೊಂಬತ್ತಾಯಿತು. ಓದದೆಯೇ ಉಲ್ಲೇಖಿಸುವವರಿಗೆ ಕೆಂಪಕ್ಷರ ಎಲ್ಲಿ ಕಾಣಬೇಕು? ಸಂಖ್ಯೆ ಏರಿದಾಗಲೆಲ್ಲ ಗಂಗಾಂಬಿಕಾ ಬರೆದವರ ವಿಳಾಸ ಹುಡುಕಿ, ನನ್ನ ಲೇಖನ ತಪ್ಪು, ದಯವಿಟ್ಟು ಅದನ್ನು ನಂಬಬೇಡಿ ಎಂದು ಇಮೇಲ್ ಕಳಿಸುತ್ತಾಳೆ. ಇದುವರೆಗೆ ಹದಿಮೂರು ಜನರಿಗೆ ಬರೆದಿದ್ದಾಳೆ. ಒಬ್ಬರು ಮಾತ್ರ ಉತ್ತರ ಕಳಿಸಿದ್ದಾರೆ: ಪತ್ರಕ್ಕೆ ಧನ್ಯವಾದ, ನಿಮ್ಮ ಲೇಖನದಿಂದ ನಮಗೆ ಬಹಳ ಉಪಯೋಗವಾಯಿತು.